ಕೊನೇ ತಾರೀಖು ಇಲ್ಲದ ಕಾನೂನು

ಎಲ್ಲರಿಗೂ ನಮಸ್ಕಾರ. ವಕೀಲರ ಕೈಗೆ ಮೈಕ್ ಕೊಟ್ಟು ಇಪ್ಪತ್ತೇ ನಿಮಿಷ ಅಂದಿದ್ದಾರೆ. ಪೀಠಿಕೆಗೇ ಸಾಲದು, ಹಾಗಾಗಿ ಪೀಠಿಕೆ ಬಿಟ್ಟೆ.

ಕೊರೊನಾ ಕಾಲದ ನಿರ್ಬಂಧವೆಲ್ಲ ತಪ್ಪು ಅನ್ನೋಕೆ ನಾನು ಹಾಸನಕ್ಕೆ ಬಂದಿಲ್ಲ. ಸೋಂಕು ಹರಡುವಾಗ ಸಂತೆ, ಜಾತ್ರೆ ನಿಲ್ಲಲೇಬೇಕು. ನನ್ನ ತಕರಾರು ಒಂದೇ. ಆ ಅಧಿಕಾರಕ್ಕೆ ಕೊನೇ ತಾರೀಖು ಎಲ್ಲಿದೆ?

ಸಕಲೇಶಪುರದ ಕಡೆಯ ಒಬ್ಬ ಹುಡುಗ, ನಮ್ಮ ನೆಂಟರವನು, 2020ರ ಮಾರ್ಚ್‌ನಲ್ಲಿ ವಿದೇಶದಿಂದ ಬಂದ. ಕೈಗೆ ಸೀಲ್ ಬಿತ್ತು. ಮನೆಯಲ್ಲೇ ಇರಬೇಕು, ಗಂಟೆಗೊಂದು ಸೆಲ್ಫಿ ಕಳಿಸಬೇಕು. ರಾತ್ರಿ 10ರಿಂದ ಬೆಳಗ್ಗೆ 7ರವರೆಗೆ ಮಾತ್ರ ವಿನಾಯಿತಿ, ಪುಣ್ಯಕ್ಕೆ ನಿದ್ದೆ ಮಾಡಲು ಬಿಟ್ಟರು. ತಪ್ಪಿದರೆ ಸರ್ಕಾರಿ ಕ್ವಾರಂಟೈನ್. ಮುಂದಿನದು ಮಲೆನಾಡಿನವರಿಗೆ ಗೊತ್ತೇ ಇದೆ, ಆಗಲೇ ನಗ್ತಿದ್ದೀರಿ. ಮನೇಲಿ ನೆಟ್‌ವರ್ಕ್ ಇಲ್ಲ. ಸಿಗ್ನಲ್ ಸಿಗೋದು ಎದುರಿನ ಗುಡ್ಡದಲ್ಲಿ, ಅದೂ ಪಕ್ಕದ ತೋಟದವರ ಸಿಲ್ವರ್ ಮರದ ಬುಡದಲ್ಲಿ. ಮನೆಯಲ್ಲಿದ್ದೇನೆ ಎಂದು ತೋರಿಸಲು ಗಂಟೆಗೊಮ್ಮೆ ಮನೆ ಬಿಡಬೇಕು! ಅವನ ಅಜ್ಜಿ, "ಚಾಪೆ ಕೊಡ್ತೀನಿ, ಅಲ್ಲೇ ಇದ್ಬಿಡು ಮಗ" ಅಂದರಂತೆ. ಸರಿ, ನಕ್ಕಿದ್ದಾಯಿತು. ಆ ಫೋಟೊಗಳು ಈಗ ಎಲ್ಲಿವೆ? ಯಾರು, ಯಾವಾಗ ಅಳಿಸಬೇಕಿತ್ತು? ಹುಡುಗ ಕೇಳಿದ. ಕೇಳಿಸಿಕೊಂಡವರಿಗೂ ಗೊತ್ತಿರಲಿಲ್ಲ.

ಇದು ಹಳೇ ಚಾಳಿ. ಮುಂಬೈ ಪ್ಲೇಗ್‌ಗೆಂದು ಬ್ರಿಟಿಷರು 1897ರಲ್ಲಿ ತಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯಲ್ಲಿ ಇದ್ದದ್ದು ನಾಲ್ಕೇ ಕಲಂ. ಸರ್ಕಾರ ಏನು ಬೇಕಾದರೂ ಮಾಡಬಹುದು, ಮೀರಿದವರಿಗೆ ಶಿಕ್ಷೆ, ಅಧಿಕಾರಿಗೆ ರಕ್ಷಣೆ. ರೋಗಿಯ ಹಕ್ಕಿನ ಬಗ್ಗೆ ಒಂದು ಸಾಲೂ ಇಲ್ಲ. ಪುಣೆಯಲ್ಲಿ ಸೈನಿಕರು ಮನೆಯೊಳಗೇ ನುಗ್ಗಿ ಹುಡುಕಿದರು. ಸಿಟ್ಟು ಎಲ್ಲಿಗೆ ಹೋಯಿತೆಂದರೆ, ಅದೇ ಜೂನ್‌ನಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಆ ಕಾಯ್ದೆಯನ್ನೇ 2020ರಲ್ಲಿ ಮತ್ತೆ ಹೊರತೆಗೆದೆವು.

ಸಂವಿಧಾನದ 352ನೇ ವಿಧಿಯಡಿ ತುರ್ತುಪರಿಸ್ಥಿತಿ ಘೋಷಿಸಿದರೆ ಒಂದು ತಿಂಗಳೊಳಗೆ ಸಂಸತ್ತು ಒಪ್ಪಬೇಕು. ಆಗಲೂ 21ನೇ ವಿಧಿಯ ಜೀವಿಸುವ ಹಕ್ಕನ್ನು ಅಮಾನತು ಮಾಡುವಂತಿಲ್ಲ. 1975ರ ಪೆಟ್ಟು ತಿಂದು 1978ರಲ್ಲಿ ಹಾಕಿಕೊಂಡ ಬೇಲಿ ಅದು. ಲಾಕ್‌ಡೌನ್ ಬಂದದ್ದು ಆ ದಾರಿಯಲ್ಲಿ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಗೃಹ ಕಾರ್ಯದರ್ಶಿಯ ಸಹಿ ಸಾಕಾಯಿತು. ಆ ಆದೇಶಗಳ ಸರಣಿ 2022ರ ಮಾರ್ಚ್‌ವರೆಗೂ ನಡೆಯಿತು. ಬ್ರಿಟನ್ನಿನವರು ತಮ್ಮ ಕೊರೊನಾ ಕಾಯ್ದೆಯ ಹೆಚ್ಚಿನ ಭಾಗಕ್ಕೆ ಎರಡು ವರ್ಷದ ಮಿತಿ ಬರೆದುಕೊಂಡರು. ನಮಗೆ ಕೊನೇ ತಾರೀಖಿಲ್ಲದ ಕಾನೂನು ಬಿಟ್ಟು ಹೋದವರೇ ಅವರು ಅಲ್ವಾ!

ಚೀಟಿ ಬಂತು. ಐದು ನಿಮಿಷವಂತೆ. ಕಾರ್ಮಿಕರ ವಿಷಯಕ್ಕೆ ಬರ್ತೀನಿ.

2020ರ ಮೇನಲ್ಲಿ ನಮ್ಮ ರಾಜ್ಯ ಊರಿಗೆ ಹೊರಟ ವಲಸೆ ಕಾರ್ಮಿಕರ ರೈಲುಗಳನ್ನೇ ರದ್ದು ಮಾಡಿತು, ಬಿಲ್ಡರುಗಳ ಜೊತೆ ಮಾತಾಡಿದ ಮೇಲೆ. ಗದ್ದಲವಾಗಿ ಮತ್ತೆ ಬಿಟ್ಟರು. ಅದೇ ತಿಂಗಳು ಕಾರ್ಖಾನೆಗಳಿಗೆ ದಿನಕ್ಕೆ 10 ಗಂಟೆ ಕೆಲಸ ಎಂದು ಅಧಿಸೂಚನೆ ಬಂತು, ಜೂನ್‌ನಲ್ಲಿ ವಾಪಸಾಯಿತು. ಗುಜರಾತಿನ ಅಂಥದ್ದೇ ಅಧಿಸೂಚನೆಯನ್ನು ಸುಪ್ರೀಂ ಕೋರ್ಟ್ ಅಕ್ಟೋಬರ್‌ನಲ್ಲಿ ರದ್ದು ಮಾಡಿತು. ಸೋಂಕಿನ ನೆಪದಲ್ಲಿ ಓವರ್‌ಟೈಮ್ ಕೂಲಿ ಕತ್ತರಿಸುವಂತಿಲ್ಲ ಎಂದಿತು.

ಲಸಿಕೆ ಕಡ್ಡಾಯದ ತೀರ್ಪು, ಖಾಸಗಿತನ, ಎರಡೂ ಉಳಿದವು. ಪ್ರಶ್ನೋತ್ತರದಲ್ಲಿ ಕೇಳಿ. ಕಾನೂನು ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟು ಹೋಗ್ತೀನಿ. ಕರ್ನಾಟಕವೇ 2020ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿಕೊಂಡಿದೆ. ಅದನ್ನು ಓದಿ, ಕೊನೇ ತಾರೀಖು ಹುಡುಕಿ. ನಿಮ್ಮ ಶಾಸಕರು ಸಿಕ್ಕಾಗ ಅದನ್ನೇ ಕೇಳಿ.