ಎಲೆ ಯಾಕೆ ನೀಲಿ?

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲಿ ಪೆರ್ಲ, ನೀರ್ಚಾಲು, ಮುಳ್ಳೇರಿಯದಿಂದೆಲ್ಲ ಬಂದಿದ್ದೀರಿ, ತುಂಬ ಖುಷಿಯಾಯಿತು.

ಆಗ ಈ ಚಿತ್ರವನ್ನು ಮೇಜಿನ ಮೇಲೆ ಇಡುವಾಗ ಒಬ್ಬರು ಅಕ್ಕ ಹತ್ತಿರ ಬಂದು, "ಹೂ ಎಲ್ಲ ಚೆಂದ ಉಂಟು ಮಾಷ್ಟ್ರೇ, ಎಲೆ ಯಾಕೆ ನೀಲಿ? ಪ್ರಿಂಟ್ ಹಾಳಾದದ್ದಾ?" ಅಂತ ಕೇಳಿದರು. ಇವತ್ತು ನನಗೆ ಹೇಳಲಿಕ್ಕಿರುವುದೆಲ್ಲ ಆ ಪ್ರಶ್ನೆಯೊಳಗೇ ಇದೆ.

ಮೂಲಚಿತ್ರ ಇರುವುದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ಬರೆದವರು ಆಮ್‌ಸ್ಟರ್‌ಡ್ಯಾಮಿನ ಯಾನ್ ವಾನ್ ಹೌಸಮ್, 1682ರಿಂದ 1749ರವರೆಗೆ ಬದುಕಿದ್ದವರು. ಆವೆಮಣ್ಣಿನ ಹೂದಾನಿ, ಅದರ ತುಂಬ ಹೂ. ಎತ್ತರ ಸುಮಾರು 133 ಸೆಂಟಿಮೀಟರ್, ನನ್ನ ಪ್ರಿಂಟು ಅದರ ಅರ್ಧ. ಸಹಿಯ ಜೊತೆ ಎರಡು ಇಸವಿ ಇದೆ, 1736 ಮತ್ತು 1737. ಯಾಕೆ ಗೊತ್ತಾ? ಇಲ್ಲಿರುವ ಟ್ಯುಲಿಪ್, ಗುಲಾಬಿ, ದ್ರಾಕ್ಷಿ ಎಲ್ಲ ಒಂದೇ ತಿಂಗಳಲ್ಲಿ ಆಗುವುದಿಲ್ಲ. ನಮ್ಮಲ್ಲಿ ಸುರಗಿಯ ಕಾಲ ಬೇರೆ, ಕೇದಗೆಯ ಕಾಲ ಬೇರೆ ಅಲ್ವಾ, ಎರಡನ್ನೂ ಒಟ್ಟಿಗೆ ಒಂದೇ ತಂಬಿಗೆಯಲ್ಲಿ ಇಟ್ಟು ಬರೆಯಬೇಕಾದರೆ ಕಾಯಲೇಬೇಕು. ಈ ಮನುಷ್ಯ ನಿಜವಾದ ಹೂವನ್ನು ಎದುರಿಗಿಟ್ಟು ಬರೆಯುವವರು, ಹಾಗಾಗಿ ಹೂ ಅರಳುವವರೆಗೆ ಕಾದರು. ಅಂದರೆ ಈ ಹೂದಾನಿ ಯಾವ ಮನೆಯಲ್ಲೂ ಯಾವ ದಿನವೂ ಇರಲಿಲ್ಲ. ಚಿತ್ರದಲ್ಲಿ ಮಾತ್ರ ಇದೆ.

ಈಗ ಎಲೆಗೆ ಬರುತ್ತೇನೆ. ಅದು ಪ್ರಿಂಟಿನ ತಪ್ಪಲ್ಲ ಅಕ್ಕ. ಮೂಲದಲ್ಲೂ ತುಂಬ ಎಲೆ ಈಗ ನೀಲಿಯೇ. ಆ ಕಾಲದ ಚಿತ್ರಕಾರರು ಹಸಿರು ಬೇಕಾದಾಗ ನೀಲಿಯ ಜೊತೆ ಹಳದಿ ಸೇರಿಸುತ್ತಿದ್ದರು, ಇಲ್ಲವೇ ನೀಲಿಯ ಮೇಲೆ ತೆಳುವಾಗಿ ಹಳದಿ ಬಳಿಯುತ್ತಿದ್ದರು. ಆ ಹಳದಿಯನ್ನು ತೆಗೆಯುತ್ತಿದ್ದದ್ದು ಗಿಡಗಳಿಂದ. ಬಟ್ಟೆಗೆ ಅರಿಶಿನದ ಕಲೆ ಆದರೆ ಅಮ್ಮ ಏನು ಮಾಡುತ್ತಿದ್ದರು? ಒಗೆದು ಬಿಸಿಲಿಗೆ ಹಾಕುತ್ತಿದ್ದರು, ಸಂಜೆಗೆ ಕಲೆ ಮಾಯ. ಅದೇ ಇಲ್ಲಿ ಆದದ್ದು, ಒಂದು ಸಂಜೆಯ ಬದಲು ಎಷ್ಟೋ ವರ್ಷ ಹಿಡಿಯಿತು ಅಷ್ಟೇ. ಬೆಳಕಿಗೆ ಹಳದಿ ಹೋಯಿತು, ನೀಲಿ ಉಳಿಯಿತು. ವ್ಯಾನ್ ಗೋ 1890ರಲ್ಲಿ ಬರೆದ ಗುಲಾಬಿಗಳಿಗೂ ಹೀಗೇ ಆಗಿದೆ, ನಾವು ಇವತ್ತು ಬಿಳಿ ಅಂದುಕೊಳ್ಳುವ ಹೂವು ಬರೆದಾಗ ನಸುಗೆಂಪಾಗಿತ್ತು.

ಹಾಗಾದರೆ ಪ್ರಿಂಟ್ ತೆಗೆಯುವಾಗ ಕಂಪ್ಯೂಟರಿನಲ್ಲಿ ಎಲೆಯನ್ನು ಹಸಿರು ಮಾಡಬಹುದಲ್ಲ ಅಂತ ಕೇಳುತ್ತಾರೆ. ಮಾಡಬಹುದು. ಮಾಡಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಆ ಹಸಿರನ್ನು ಕಂಡವರು ಇವತ್ತು ಯಾರೂ ಇಲ್ಲ. ನಾವು ತುಂಬುವುದು ನಮ್ಮ ಊಹೆಯ ಹಸಿರು, ಆಮೇಲೆ ಅದನ್ನೇ ವಾನ್ ಹೌಸಮ್ ಬರೆದದ್ದು ಅಂತ ಜನ ನಂಬುತ್ತಾರೆ.

ಪ್ರಿಂಟ್ ನಮ್ಮವರಿಗೆ ಹೊಸತಲ್ಲ. ರವಿವರ್ಮನ ಪ್ರೆಸ್ಸು 1894ರಲ್ಲಿ ಮುಂಬಯಿಯಲ್ಲಿ ಶುರುವಾಯಿತು, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು ಇಟ್ಟು ಅಚ್ಚು ಹಾಕುತ್ತಿದ್ದರು. ಈಗಿನದು ಇಂಕ್‌ಜೆಟ್. ಕೊಳ್ಳುವಾಗ ಒಂದು ವಿಷಯ ಖಂಡಿತ ಕೇಳಿ: ಶಾಯಿ ಡೈಯದ್ದಾ, ಪಿಗ್ಮೆಂಟಿನದ್ದಾ? ಡೈ ಅಂದರೆ ಅರಿಶಿನದ ನೀರಿನ ಹಾಗೆ, ಬಣ್ಣ ನೀರಿನಲ್ಲಿ ಕರಗಿರುತ್ತದೆ. ಪಿಗ್ಮೆಂಟ್ ಅಂದರೆ ಕೆಮ್ಮಣ್ಣು ಕದಡಿದ ಹಾಗೆ, ಸಣ್ಣ ಸಣ್ಣ ಕಣ. ಸಾಮಾನ್ಯವಾಗಿ ಬೆಳಕಿಗೆ ಜಾಸ್ತಿ ತಡೆಯುವುದು ಎರಡನೆಯದು. ಕಾಗದವೂ ಹತ್ತಿಯದ್ದು, ಆಮ್ಲ ಇಲ್ಲದ್ದು ಆಗಿರಲಿ, ಇಲ್ಲದಿದ್ದರೆ ಹಳೆಯ ಪೇಪರಿನ ಹಾಗೆ ಹಳದಿಯಾಗುತ್ತದೆ.

ಆದರೆ ನಮ್ಮ ಊರಿನಲ್ಲಿ ಬೆಳಕಿಗಿಂತ ದೊಡ್ಡ ಶತ್ರು ನೀರು. ಇಲ್ಲಿ ಕಾಸರಗೋಡಿನ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ. ನನ್ನ ಮೊದಲ ಹೂವಿನ ಪ್ರಿಂಟಿಗೆ ಒಂದು ಅಂಗಡಿಯಲ್ಲಿ ಫ್ರೇಮ್ ಹಾಕಿಸಿ ಚಾವಡಿಯ ಕೆಂಪು ಕಲ್ಲಿನ ಗೋಡೆಗೆ ತೂಗಿದ್ದೆ. ಗಾಜು ಕಾಗದಕ್ಕೆ ಸೀದಾ ತಾಗಿ ಕೂತಿತ್ತು, ಅದು ನನಗೂ ಗೊತ್ತಾಗಲಿಲ್ಲ. ಎರಡು ಮಳೆಗಾಲ ಕಳೆಯಿತು. ಹಿಂದಿನ ರಟ್ಟಿಗೆ ಬೂಷ್ಟು ಬಂದಿತ್ತು. ಬಿಚ್ಚಿ ಮೆಲ್ಲ ಎಬ್ಬಿಸುವಾಗ ಒಂದು ಗುಲಾಬಿಯ ಎಸಳು ಪೂರ್ತಿ ಗಾಜಿಗೇ ಅಂಟಿಕೊಂಡು ಬಂತು, ಕಾಗದದಲ್ಲಿ ಅದರ ಜಾಗ ಬೆಳ್ಳಗೆ ಉಳಿಯಿತು. ತುಂಬ ಹೊತ್ತು ಆ ಗಾಜನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ.

ಹಾಗಾಗಿ ಹೇಳುತ್ತಿದ್ದೇನೆ. ಗಾಜಿಗೂ ಕಾಗದಕ್ಕೂ ನಡುವೆ ದಪ್ಪ ರಟ್ಟಿನ ಮೌಂಟ್, ಅಂದರೆ ಚಿತ್ರ ಕಾಣುವಷ್ಟು ನಡುವೆ ಕತ್ತರಿಸಿದ ರಟ್ಟು, ಹಾಕಿಸಿ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ, ಗೋಡೆಯ ನಡುವೆ ಗಾಳಿ ಆಡಲಿ. ಮಳೆ ಹೊಡೆಯುವ ಹೊರಗೋಡೆ ಬೇಡ, ಬಿಸಿಲು ಬೀಳುವ ಜಾಗವೂ ಬೇಡ.

ಇನ್ನು ಪ್ರಿಂಟ್ ನೋಡಿದರೆ ಮೂಲ ನೋಡಿದ ಹಾಗಾ ಅಂದರೆ, ಅಲ್ಲ. ಎಣ್ಣೆಬಣ್ಣದಲ್ಲಿ ಬೆಳಕು ಪದರಗಳ ಒಳಗೆ ಹೋಗಿ ತಿರುಗಿ ಬರುತ್ತದೆ, ಕಾಗದದಲ್ಲಿ ಆ ಆಳ ಇಲ್ಲ. ಆದರೆ ಲಂಡನ್ನಿಗೆ ಹೋದರೂ ಚಿತ್ರಕ್ಕೆ ಮೂಗು ತಾಗಿಸಲು ಯಾರೂ ಬಿಡುವುದಿಲ್ಲ. ಇಲ್ಲಿ ಬಿಡುತ್ತೇನೆ. ಭೂತಗನ್ನಡಿ ತಂದಿದ್ದೇನೆ. ಅಕ್ಕ, ಮೊದಲು ನೀವೇ ಬನ್ನಿ. ಆ ನೀಲಿ ಎಲೆಯನ್ನು ನೋಡಿ, ಆಮೇಲೆ ಕೆಳಗೆ ಬನ್ನಿ. ಒಂದು ಹಕ್ಕಿಗೂಡಿದೆ, ಒಳಗೆ ಮೊಟ್ಟೆ ಇದೆ. ದೂರದಿಂದ ಅದು ನಿಮಗೆ ಕಂಡಿರಲಿಕ್ಕಿಲ್ಲ.