ಮಿದುಳಿನೊಳಗಿನ ಹಿನ್ನೀರು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯವರಿಗೆ ಹಿನ್ನೀರು ಅಂದರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ಅತ್ತ ಆಲಮಟ್ಟಿಯಲ್ಲಿ ಗೇಟ್ ಮುಚ್ಚಿದರು, ಇತ್ತ ಹಳೇ ಊರಿನ ಓಣಿಗಳಿಗೆ ನೀರು ಬಂತು, ಜನ ನವನಗರಕ್ಕೆ ಬಂದರು. ನೀರನ್ನು ಯಾರೂ ತಂದು ಸುರಿಯಲಿಲ್ಲ. ಹೋಗುವ ದಾರಿ ಕಟ್ಟಿತು, ಅಷ್ಟೇ. ಇವತ್ತಿನ ವಿಷಯವೂ ಇದೇ. ಜಾಗ ಮಾತ್ರ ಮಿದುಳು, ನೀರಿನ ಬದಲು ಮಿದುಳಿನದೇ ಕೆಲವು ರಾಸಾಯನಿಕಗಳು.

ಭಂಗಿಯ ಅಮಲಿಗೆ ಕಾರಣ ಅದರೊಳಗಿನ ಟಿಎಚ್‌ಸಿ ಎಂಬ ರಾಸಾಯನಿಕ. ಅದು ಹೋಗಿ ಕೂರುವ ಜಾಗ ನರಕೋಶದ ಮೇಲಿನ ಸಿಬಿ1 ಗ್ರಾಹಕ, ಅಂದರೆ ರಾಸಾಯನಿಕ ಸಂದೇಶ ಹಿಡಿದುಕೊಳ್ಳುವ ಕುರ್ಚಿಯಂಥದ್ದು. ಆದರೆ ಗಿಡದ ರಸಕ್ಕೆ ಅಂತ ದೇಹ ಯಾಕೆ ಕುರ್ಚಿ ಹಾಕಿಟ್ಟಿರುತ್ತದೆ? ದೇಹದ್ದೇ ಏನಾದರೂ ಇರಬೇಕು ಅಲ್ವಾ? 1992ರಲ್ಲಿ ಇಸ್ರೇಲ್‌ನ ರಾಫೆಲ್ ಮೆಕೂಲಮ್ ತಂಡ ಹಂದಿಯ ಮಿದುಳಿನಲ್ಲಿ ಅದನ್ನು ಕಂಡಿತು. ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ಆನಂದವೇ. 1995ರ ಹೊತ್ತಿಗೆ 2-ಎಜಿ ಎಂಬ ಇನ್ನೊಂದು ಸಿಕ್ಕಿತು.

ಇವನ್ನು ದೇಹ ಕೂಡಿಟ್ಟುಕೊಳ್ಳುವುದಿಲ್ಲ. ಬೇಕಾದಾಗ ಮಾಡುತ್ತದೆ, ಕೆಲಸ ಮುಗಿದ ಕೂಡಲೇ ಒಡೆದು ಹಾಕುತ್ತದೆ. ಹಾಗೆ ಒಡೆಯುವ ಕೆಲಸ ಎಂಜೈಮ್ ಎಂಬ ಪ್ರೋಟೀನುಗಳದ್ದು. ಆನಂದಮೈಡ್ ಒಡೆಯುವ ಎಂಜೈಮಿನ ಹೆಸರು ಫಾ. 2-ಎಜಿಯನ್ನು ಒಡೆಯುವುದು ಹೆಚ್ಚಾಗಿ ಮ್ಯಾಗಲ್. ಈ ಎಂಜೈಮುಗಳನ್ನು ತಡೆಯುವ ಔಷಧಿ ಕೊಟ್ಟರೆ ಗೇಟ್ ಮುಚ್ಚಿದಂತೆ. ಎಲ್ಲಿ ಹರಿವು ಇದೆಯೋ ಅಲ್ಲಿ ಮಟ್ಟ ಏರುತ್ತದೆ. ಭಂಗಿ ಹಾಗಲ್ಲ, ಅದು ಊರಿಗೆಲ್ಲ ಒಮ್ಮೆಲೇ ನುಗ್ಗುವ ನೆರೆ.

2003ರ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಎತ್ತರದಲ್ಲಿ ಬಳೆಯಂಥ ದಾರಿ. ಕೆಲವು ಕಡೆ ಗೋಡೆ, ಕೆಲವು ಕಡೆ ಬಯಲು. ಹೆದರಿದ ಇಲಿ ಗೋಡೆ ಬಿಟ್ಟು ಬರುವುದಿಲ್ಲ. ಫಾ ತಡೆಯುವ ಯುಆರ್‌ಬಿ597 ಕೊಟ್ಟ ಇಲಿಗಳು ಬಯಲಲ್ಲಿ ಜಾಸ್ತಿ ಹೊತ್ತು ಕಳೆದವು. ಆದರೆ ಟಿಎಚ್‌ಸಿ ಕೊಟ್ಟಾಗಿನಂತೆ ಮೈ ತಣ್ಣಗಾಗಲಿಲ್ಲ, ಮರಗಟ್ಟಿದಂತೆ ನಿಲ್ಲಲಿಲ್ಲ. ಅಂಜಿಕೆ ಇಳಿಯಿತು, ಅಮಲು ಏರಲಿಲ್ಲ.

ಮ್ಯಾಗಲ್ ಕಥೆ ಬೇರೆ. ದಿನವೂ ಜೋರಾಗಿ ತಡೆದರೆ 2-ಎಜಿ ತುಂಬಿ ತುಳುಕುತ್ತದೆ, ಸಿಬಿ1 ಗ್ರಾಹಕಗಳೇ ಮಂಕಾಗುತ್ತವೆ. 2010ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಮೊದಲ ದಿನ ನೋವು ತಗ್ಗಿಸಿದ್ದ ಔಷಧಿ ಆರೇ ದಿನದಲ್ಲಿ ಸುಮ್ನಾಯಿತು.

ಇಲಿಯ ಲೆಕ್ಕ ಮನುಷ್ಯನಿಗೆ ಹೊಂದಿತೇ? ಮೊಣಕಾಲು ಸವೆದವರಿಗೆ ಫಾ ತಡೆಯುವ ಗುಳಿಗೆ ಕೊಟ್ಟು ನೋಡಿದರು. ರಕ್ತದಲ್ಲಿ ಆನಂದಮೈಡ್ ಏರಿತು, ನೋವು ಇಳಿಯಲೇ ಇಲ್ಲ. ಕೆರೆ ತುಂಬಿದರೂ ಹೊಲ ಒಣಗಿಯೇ ಇತ್ತು.

2016ರ ಜನವರಿಯಲ್ಲಿ ಫ್ರಾನ್ಸ್‌ನ ರೆನ್ ನಗರದಲ್ಲಿ ನಡೆದದ್ದನ್ನು ಹೇಳದೆ ಮುಗಿಸಲಾರೆ. ಬಿಐಎ 10-2474 ಎಂಬ ಫಾ ತಡೆಯುವ ಔಷಧಿಯ ಪರೀಕ್ಷೆಯಲ್ಲಿ ಆರೋಗ್ಯವಾಗಿದ್ದ ಒಬ್ಬರು ತೀರಿಕೊಂಡರು, ಇನ್ನು ಕೆಲವರು ಆಸ್ಪತ್ರೆ ಸೇರಿದರು. ಎಲ್ಲರೂ ಫಾ ಕಡೆ ಬೆರಳು ತೋರಿಸಿದರು. ಮರುವರ್ಷ ಗೊತ್ತಾದದ್ದೇನೆಂದರೆ, ಆ ಔಷಧಿ ಕೊಬ್ಬು ಒಡೆಯುವ ಬೇರೆ ಹಲವು ಎಂಜೈಮುಗಳನ್ನೂ ಹಿಡಿದು ನಿಲ್ಲಿಸುತ್ತಿತ್ತು. ಮೊಣಕಾಲಿಗೆ ಕೊಟ್ಟ ಗುಳಿಗೆ ಅವನ್ನು ಮುಟ್ಟುತ್ತಿರಲಿಲ್ಲ. ಒಂದು ಗೇಟ್ ಇಳಿಸಲು ಹೋಗಿ ಗೊತ್ತಿಲ್ಲದೆ ಇನ್ನೂ ಹಲವು ಗೇಟ್ ಇಳಿಸಿದಂತೆ. ಸಾವಿಗೆ ಅದೇ ಕಾರಣ ಅಂತ ನಾನು ಖಡಾಖಂಡಿತವಾಗಿ ಹೇಳುವುದಿಲ್ಲ. ಆದರೆ ಈಗ ಈ ಜಾತಿಯ ಔಷಧಿ ಬಂದರೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಇದು ಇನ್ನೇನನ್ನು ಮುಚ್ಚುತ್ತದೆ?

ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ. ಹಿಂದೆ ಕೂತ ಹುಡುಗರು ಆಗಿನಿಂದ ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.