ಬರಡು ಎಂಬ ಪದದ ಮೇಲೊಂದು ತಕರಾರು

ಸಭೆಗೆ ನಮಸ್ಕಾರ. ಆಹ್ವಾನಪತ್ರದಲ್ಲಿ ನನ್ನ ವಿಷಯವನ್ನು ‘ಬರಡು ಬಂಡೆಗಳ ಸಸ್ಯಸಮುದಾಯ’ ಎಂದು ಅಚ್ಚು ಹಾಕಿಸಿದ್ದಾರೆ. ನನ್ನ ತಕರಾರು ಆ ಮೊದಲ ಪದದ ಮೇಲೆಯೇ ಇರುವುದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ಬರಡೆಂದರೆ ಏನೂ ಬೆಳೆಯದ್ದು, ಈ ಬಂಡೆಗಳು ಹಾಗಲ್ಲ.

ಗ್ರಾನೈಟ್, ಕ್ವಾರ್ಟ್‌ಜೈಟ್‌ನಂಥ ಸಿಲಿಕಾ ತುಂಬಿದ ಶಿಲೆಗಳು ಸವೆದಾಗ ಸುಣ್ಣದ ಅಂಶ ಹೊರಬರುವುದು ತೀರಾ ಕಡಿಮೆ. ಹಾಗಾಗಿ ಅವುಗಳ ಮೇಲಿನ ತೆಳು ಮಣ್ಣಿನ ಪಿಎಚ್ (7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚೆಂದು ತೋರಿಸುವ ಅಳತೆ) ಹೆಚ್ಚಾಗಿ 4ರಿಂದ 5ರ ಆಸುಪಾಸಿನಲ್ಲಿರುತ್ತದೆ, ಆ ಹುಳಿಯಲ್ಲಿ ಕರಗಿದ ಅಲ್ಯೂಮಿನಿಯಂ ಬೇರುಗಳಿಗೆ ವಿಷವಾಗುತ್ತದೆ, ರಂಜಕವಂತೂ ಇದ್ದರೂ ಗಿಡಕ್ಕೆ ದಕ್ಕುವುದಿಲ್ಲ. ಇಷ್ಟು ಕೇಳಿದೊಡನೆ ನಮ್ಮೊಳಗಿನ ಬೇಸಾಯಗಾರ ಎದ್ದು ‘ಸುಣ್ಣ ಹಾಕಿ’ ಎನ್ನುತ್ತಾನೆ. ದಯವಿಟ್ಟು ಹಾಕಬೇಡಿ. ಮಣ್ಣು ಬಡವಾಗಿರುವುದರಿಂದಲೇ ಅಲ್ಲಿನ ಗಿಡಗಳು ಉಳಿದಿವೆ. ಅದನ್ನು ಸಿರಿವಂತವಾಗಿಸಿದರೆ ಬೇಗ ಬೆಳೆಯುವ ಕಳೆಗಳು ನುಗ್ಗಿ ಅವುಗಳನ್ನು ಹೊರಗಟ್ಟುತ್ತವೆ.

ಬಂಡೆಯ ಮೇಲೆ ಬೆಳೆಯುವ ಅಂಬಿಲಿಕೇರಿಯಾ ಎಂಬ ಕಲ್ಲುಹೂವನ್ನು ನೋಡಿ. ಹೊಕ್ಕುಳಿನಂಥ ಒಂದೇ ಬಿಂದುವಿನಲ್ಲಿ ಅದು ಕಲ್ಲಿಗಂಟಿರುತ್ತದೆ. ಒಣಗಿದಾಗ ಅಂಚು ಮುರುಟಿ, ಸುಟ್ಟ ಕಾಗದದ ಹಾಗೆ ಕಪ್ಪಗೆ ಗರಿಗರಿಯಾಗಿರುವ ಅದರ ಮೇಲೆ ನಾನು ನೀರು ಚಿಮುಕಿಸಿ ತೋರಿಸುವುದುಂಟು. ಕೆಲವೇ ನಿಮಿಷಗಳಲ್ಲಿ ಅದು ಮೆತ್ತಗಾಗಿ ಹಸುರು ಛಾಯೆಗೆ ತಿರುಗುತ್ತದೆ. ಕುಳಿಗಳಲ್ಲಿ ಬೆಳೆಯುವ ಪಾಲಿಟ್ರೈಕಮ್ ಹಾವಸೆಯೂ ಒಣಹವೆಯಲ್ಲಿ ಎಲೆಗಳನ್ನು ಕಾಂಡಕ್ಕೆ ಒತ್ತಿಕೊಂಡಿದ್ದು, ತೇವ ತಗುಲಿದಾಗ ನಕ್ಷತ್ರದಂತೆ ಅರಳುತ್ತದೆ. ಬಿರುಕುಗಳಲ್ಲಿ ನಿಲ್ಲುವ ಬ್ಲೂಬೆರಿ ಕುಲದ ಕುರುಚಲುಗಳು ಬೇರಿನೊಳಗಿನ ಶಿಲೀಂಧ್ರಕ್ಕೆ ಸಕ್ಕರೆ ಕೊಟ್ಟು, ಅದು ಕೊಳೆತ ಎಲೆಗಳಿಂದ ಬಿಡಿಸಿ ತಂದ ಸಾರಜನಕವನ್ನು ಪಡೆಯುತ್ತವೆ.

ಇನ್ನು ನನ್ನ ಹಳೆಯ ಕಥೆ. ಮೊದಲೇ ಕೇಳಿದವರು ಕ್ಷಮಿಸಬೇಕು. ಅಮೆರಿಕದ ನ್ಯೂ ಹ್ಯಾಂಪ್‌ಷೈರ್‌ನ ಮೊನಾಡ್‌ನಾಕ್ ಬೆಟ್ಟದ ಎತ್ತರ 965 ಮೀಟರ್, ಅಂದರೆ ಆ ಸೀಮೆಯಲ್ಲಿ ಮರಗಳು ಬೆಳೆಯಬಲ್ಲ ಎತ್ತರವೇ. ಅದರ ನೆತ್ತಿಯಲ್ಲಿ ಸ್ಪ್ರೂಸ್ ಕಾಡೂ ಇತ್ತು. 1800ರ ಸುಮಾರಿಗೆ ಹುಲ್ಲುಗಾವಲಿಗೆಂದು ಕೆಳಗೆ ಹಚ್ಚಿದ ಬೆಂಕಿ ಮೇಲಕ್ಕೂ ಹಬ್ಬಿತು. ಸತ್ತು ಬಿದ್ದ ಮರಗಳ ನಡುವೆ ತೋಳಗಳು ಅಡಗಿವೆಯೆಂದು 1820ರ ಹೊತ್ತಿಗೆ ರೈತರು ಮತ್ತೆ ಬೆಂಕಿಯಿಟ್ಟರೆಂಬುದು ಅಲ್ಲಿನ ಪ್ರತೀತಿ. ತೋಳಗಳ ಗತಿಯೇನಾಯಿತೋ, ಮಣ್ಣಂತೂ ಮಳೆಗೆ ಕೊಚ್ಚಿಹೋಯಿತು. 200 ವರ್ಷಗಳಾದರೂ ನೆತ್ತಿ ಬೋಳಾಗಿಯೇ ಇದೆ.

ಆದರೆ ಆ ಬೋಳುನೆತ್ತಿಯ ಬಿರುಕುಗಳಲ್ಲಿ ಈಗ ಮೂರು ಹಲ್ಲಿನ ಎಲೆಗಳ ಸಿಂಕ್‌ಫಾಯಿಲ್ ಬಿಳಿ ಹೂ ಬಿಡುತ್ತದೆ, ಬ್ಲೂಬೆರಿ ಹಣ್ಣಾಗುತ್ತದೆ. ಇದನ್ನು ಗಾಯವೆನ್ನಬೇಕೋ ಸಮುದಾಯವೆನ್ನಬೇಕೋ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಎರಡೂ ಹೌದೆಂದೇ ನನ್ನ ಅಭಿಪ್ರಾಯ. ಮೇಲಕ್ಕೆ ಮಣ್ಣು ಹೊತ್ತು ಗಿಡ ನೆಡಲು ಹೊರಟರೆ ಮಾತ್ರ ನಾನು ಒಪ್ಪಲಾರೆ.

ಸಮಯ ಮುಗಿಯಿತೆಂದು ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಕಾಳ್ಗಿಚ್ಚಿನ ಬಳಿಕ ಸುಟ್ಟ ಕಾಂಡದಿಂದಲೇ ಚಿಗುರುವ ಪಿಚ್ ಪೈನ್ ಮರದ ವಿಚಾರವನ್ನು ಕೈಬಿಡುತ್ತೇನೆ. ಒಂದು ಮಾತು ಉಳಿದಿದೆ. ಕ್ಲಾಡೋನಿಯಾ ಎಂಬ ಬೂದುಬಣ್ಣದ ಕಲ್ಲುಹೂವು ಮೆತ್ತೆಯಂತೆ ಕಂಡು ಕಾಲಿಡಲು ಕರೆಯುತ್ತದೆ. ಅದು ವರ್ಷಕ್ಕೆ ಬೆಳೆಯುವುದು ಕೆಲವೇ ಮಿಲಿಮೀಟರ್. ಬೇಸಿಗೆಯಲ್ಲಿ ಒಂದು ಹೆಜ್ಜೆಗೆ ಪುಡಿಯಾಗುತ್ತದೆ. ಅಲ್ಲಿಗೆ ಹೋದವರು ಬರಿಗಲ್ಲಿನ ಮೇಲೆಯೇ ನಡೆಯಬೇಕು.